ಪ್ಲಗಿನ್ ಕೇಳಿದ ಪ್ರಶ್ನೆ

ಪರದೆಯ ನಡುಮಧ್ಯೆ ಬೂದು ಬಣ್ಣದ ಒಂದು ಚೌಕ, ಅದರ ಕೆಳಗೆ ಒಂದೇ ಸಾಲು: ಈ ಪುಟಕ್ಕೆ ಬೇಕಾದ ಪ್ಲಗಿನ್ ನಿಮ್ಮ ಬ್ರೌಸರಿನಲ್ಲಿ ಇಲ್ಲ. ಮೇಸ್ತ್ರಿ ಅದನ್ನು ಮೂರು ಸಲ ಓದಿದ. ಹೋದ ಶನಿವಾರ ಇದ್ದದ್ದು ಈ ಶನಿವಾರ ಎಲ್ಲಿ ಹಾರಿಹೋಯಿತು? ಗೋಡೆಯ ಗಡಿಯಾರದಲ್ಲಿ ಮೂರೂ ಹತ್ತು. ನಾಲ್ಕಕ್ಕೆ ಮಗಳು ಬರುತ್ತಾಳೆ.

ಬರುತ್ತಾಳೆ ಎಂದರೆ ಬಾಗಿಲಿಗಲ್ಲ, ಈ ಪರದೆಗೆ. ಗಂಡ ಹೆಂಡತಿ ಬೇರೆಯಾದ ಮೇಲೆ ತಾಯಿ ಮಗಳನ್ನು ಕರೆದುಕೊಂಡು ದೂರದ ಊರಿಗೆ ಹೋದಳು. ರಜೆಗೆ ಮಗುವನ್ನು ಕಳಿಸುವ ಮಾತು ಇನ್ನೂ ಇತ್ಯರ್ಥವಾಗಿರಲಿಲ್ಲ. ಅಲ್ಲಿಯವರೆಗೆ ಕೋರ್ಟು ಒಪ್ಪಿದ್ದು ಇಷ್ಟೇ: ವಾರಕ್ಕೊಮ್ಮೆ, ಶನಿವಾರ ನಾಲ್ಕರಿಂದ ನಾಲ್ಕೂವರೆ, ಇದೊಂದು ಜಾಲತಾಣದಲ್ಲಿ ಅಪ್ಪ ಮಗಳ ಭೇಟಿ. ಫೋನು ಮಾಡುವಂತಿಲ್ಲ. ಯಾರು ಎಷ್ಟು ಹೊತ್ತಿಗೆ ಬಂದರು, ಯಾರು ಬರಲಿಲ್ಲ ಎಂಬುದೆಲ್ಲ ಅಲ್ಲಿ ತಾನಾಗಿಯೇ ದಾಖಲಾಗುತ್ತದೆ. ಮೇಸ್ತ್ರಿಗೆ ಈಗಾಗಲೇ ಎರಡು ಸಲ ಭೇಟಿ ತಪ್ಪಿತ್ತು. ಒಮ್ಮೆ ಕರೆಂಟು ಹೋಗಿತ್ತು, ಇನ್ನೊಮ್ಮೆ ಊರಿನ ನೀರಿನ ದೊಡ್ಡ ಪೈಪು ಒಡೆದು ಆಫೀಸಿನವರು ಬಂದು ಅವನನ್ನು ಕೆಲಸಕ್ಕೆ ಎಳೆದುಕೊಂಡು ಹೋಗಿದ್ದರು. ಮೂರನೆಯದೂ ತಪ್ಪಿದರೆ ಭೇಟಿಯನ್ನೇ ನಿಲ್ಲಿಸಿ ಎಂದು ಕೇಳುವ ಹಕ್ಕು ತಾಯಿಗಿದೆ. ಆದೇಶದ ಆ ಪುಟ ಅವನಿಗೆ ಬಾಯಿಪಾಠವಾಗಿತ್ತು.

ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ರಿಪೇರಿ ಅವನ ಕೆಲಸ. ಊರಿನ ಅರ್ಧ ಮೀಟರುಗಳ ಹೊಟ್ಟೆಯೊಳಗೆ ಏನಿದೆ ಎಂದು ಅವನಿಗೆ ಗೊತ್ತು. ಬಿಚ್ಚಿ ನೋಡಲಾಗದ ವಸ್ತುವನ್ನು ನಂಬಬಾರದು ಎನ್ನುವುದು ಅವನ ಹಠ, ಹಠವೆಂದರೆ ಅಂತಿಂಥದ್ದಲ್ಲ. ಮನೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ತೆರೆದ ತಂತ್ರಾಂಶ ಹಾಕಿಕೊಂಡದ್ದೂ ಅದಕ್ಕೇ. ಅದರ ಒಂದೊಂದು ಕಡತವನ್ನೂ ತೆರೆದು ನೋಡಬಹುದು, ಬೇಕಾದರೆ ತಿದ್ದಲೂಬಹುದು. ತಿದ್ದುವುದಕ್ಕೆ ಬರುತ್ತದೆಯೇ ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ಆ ಪ್ರಶ್ನೆಗೆ ಎರಡು ದಿನ ಮಾತು ಬಿಟ್ಟಿದ್ದ.

ಅಂಥವನು ಮಗಳಿಗಾಗಿ ಮೂಗು ಮುಚ್ಚಿಕೊಂಡು ಈ ಪ್ಲಗಿನ್ ಹಾಕಿಕೊಂಡಿದ್ದ. ಅದು ಬ್ರೌಸರಿಗೆ ಸಿಕ್ಕಿಸುವ ಸಣ್ಣ ತಂತ್ರಾಂಶ, ಯಾವುದೋ ಕಂಪನಿಯ ಸ್ವಂತದ್ದು, ಒಳಗೇನಿದೆ ಎಂದು ಅವರು ಯಾರಿಗೂ ತೋರಿಸುವುದಿಲ್ಲ. ಅದಿಲ್ಲದೆ ಆ ಜಾಲತಾಣ ಬಾಯಿ ಬಿಡುವುದಿಲ್ಲ. ಸರಿ, ಒಂದೇ ಒಂದು ಬೀಗ ಹಾಕಿದ ಪೆಟ್ಟಿಗೆ ಮನೆಯೊಳಗೆ ಇರಲಿ ಎಂದು ಒಪ್ಪಿದ್ದ. ಈಗ ನೋಡಿದರೆ ಆ ಪೆಟ್ಟಿಗೆಯೇ ಮಾಯ.

ಮಾಯ ಮಾಡಿದವನೂ ಅವನೇ. ಉಳಿದವರು ಶನಿವಾರ ಬೆಳಿಗ್ಗೆ ಮನೆ ಗುಡಿಸಿದರೆ ಇವನು ಕಂಪ್ಯೂಟರ್ ಗುಡಿಸುವವನು. ಎದ್ದು ಮುಖ ತೊಳೆದವನೇ ಆಜ್ಞೆಗಳನ್ನು ಟೈಪು ಮಾಡುವ ಕಪ್ಪು ಕಿಟಕಿ ತೆರೆದು ಎಲ್ಲ ತಂತ್ರಾಂಶಗಳನ್ನೂ ಅಪ್‌ಡೇಟ್ ಮಾಡಿ, ಸಾಲುಗಳು ಓಡುವುದನ್ನು ನೋಡುತ್ತ ಕೂರುವುದು ಅವನಿಗೊಂದು ಸುಖ. ಇವತ್ತು ಓಡಿದ ಸಾಲುಗಳಲ್ಲಿ ಬ್ರೌಸರಿನ ಹೊಸ ಆವೃತ್ತಿಯೂ ಇತ್ತು. ಹಳೆಯ ಬಗೆಯ ಪ್ಲಗಿನ್‌ಗಳನ್ನು ಇನ್ನು ಮುಂದೆ ಹತ್ತಿರ ಸೇರಿಸುವುದಿಲ್ಲ ಎಂದು ಅದರ ಟಿಪ್ಪಣಿಯಲ್ಲಿ ಬರೆದಿತ್ತು. ಟಿಪ್ಪಣಿಯನ್ನು ಅವನು ಓದಿದ್ದು ಈಗ, ಮೂರೂ ಹದಿನೈದಕ್ಕೆ.

ಕಚೇರಿಯ ಕಂಪ್ಯೂಟರ್ ಗುಮಾಸ್ತನಿಗೆ ಫೋನು ಮಾಡಿದ. ಎಲ್ಲರ ಹಾಗೆ ಮಾಮೂಲಿ ಕಂಪ್ಯೂಟರ್ ಇಟ್ಟುಕೊಳ್ಳಿ ಎಂದು ಬಡಕೊಂಡೆನಲ್ಲ ಎಂದು ಅವನು ಮೊದಲು ನಕ್ಕ. ಆಮೇಲೆ ಈ ಕಡೆ ಉಸಿರಾಟ ಕೇಳಿ ನಗು ನಿಲ್ಲಿಸಿದ. ತಾನು ನೆಂಟರ ಮನೆಗೆ ಹೋಗುವ ಬಸ್ಸಿನಲ್ಲಿದ್ದೇನೆ, ಇಲ್ಲದಿದ್ದರೆ ನಮ್ಮ ಮನೆಗೇ ಬನ್ನಿ ಎನ್ನುತ್ತಿದ್ದೆ ಎಂದ. ಹಳೆಯ ಬ್ರೌಸರನ್ನೇ ಎಲ್ಲಿಂದಲಾದರೂ ತಂದು ಬೇರೆ ಫೋಲ್ಡರಿನಲ್ಲಿ ಹಾಕಿ ನೋಡಿ ಎಂದೂ ಹೇಳಿದ. ಬೇರೆ ಯಾರನ್ನು ಕೇಳುವುದು ಎಂದು ಮೇಸ್ತ್ರಿ ಫೋನಿನ ಹೆಸರುಗಳ ಮೇಲೆ ಬೆರಳಾಡಿಸಿದ. ಪ್ಲಂಬರುಗಳು, ವಕೀಲರು, ಕಚೇರಿಯ ಡ್ರೈವರು. ಶನಿವಾರ ಮಧ್ಯಾಹ್ನ ಹೋಗಿ ಬಾಗಿಲು ತಟ್ಟಬಹುದಾದ ಹೆಸರು ಒಂದೂ ಇರಲಿಲ್ಲ. ಅದೇನೂ ಇವತ್ತಿನ ಸಮಾಚಾರವಲ್ಲ, ಆದರೂ ಸಂಕಟವಾಯಿತು.

ಹಳೆಯ ಆವೃತ್ತಿ ಸಿಕ್ಕಿತು. ಅದು ಇಳಿಯುವುದಕ್ಕೆ ಹನ್ನೆರಡು ನಿಮಿಷ ತೆಗೆದುಕೊಂಡಿತು. ಆ ಹನ್ನೆರಡು ನಿಮಿಷದಲ್ಲಿ ಮೇಸ್ತ್ರಿ ಗಡ್ಡ ಹೆರೆದುಕೊಂಡ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಪ್ರತಿ ಶನಿವಾರವೂ ಹೀಗೆಯೇ. ಕೆಲಸಕ್ಕೆ ಮೂರು ದಿನದ ಗಡ್ಡದಲ್ಲಿ ಹೋಗುವವನು ಮಗಳ ಮುಂದೆ ಮಾತ್ರ ಮದುಮಗನ ಹಾಗೆ ಕೂರುತ್ತಿದ್ದ. ಬರುವಾಗ ಪರದೆಯ ನೆತ್ತಿಯ ಮೇಲಿದ್ದ ಕ್ಯಾಮೆರಾದ ಕಣ್ಣಿಗೆ ವಾರವಿಡೀ ಅಂಟಿಸಿರುತ್ತಿದ್ದ ಕಪ್ಪು ಟೇಪನ್ನೂ ಕಿತ್ತ.

ಬ್ರೌಸರನ್ನು ಹೊಸ ಫೋಲ್ಡರಿನಲ್ಲಿ ಬಿಚ್ಚಿ, ಪ್ಲಗಿನ್ನಿನ ಕಡತವನ್ನು ಅದರ ಜಾಗದಲ್ಲಿಟ್ಟು ತೆರೆದ. ಅದೇ ಬೂದು ಚೌಕ. ನೋಡಿದರೆ ಬ್ರೌಸರು ಅರವತ್ತನಾಲ್ಕು ಬಿಟ್‌ನದು, ಪ್ಲಗಿನ್ನು ಮೂವತ್ತೆರಡರದು. ದೊಡ್ಡ ಪೈಪಿಗೆ ಸಣ್ಣ ನಲ್ಲಿ ತಿರುಗಿಸಿದಂತಾಗಿತ್ತು. ಥೂ ನನ್ನ ಬುದ್ಧಿಗಿಷ್ಟು ಎಂದು ಹಣೆ ಚಚ್ಚಿಕೊಂಡು ಸರಿಯಾದ ಬ್ರೌಸರನ್ನು ಹುಡುಕಿ ಇಳಿಸಿದ. ಮೂರೂ ನಲವತ್ತೈದು. ಈಗ ಬೇರೆ ತಕರಾರು: ಪ್ಲಗಿನ್ನಿಗೆ ಬೇಕಾದ ಎರಡು ಪೂರಕ ಕಡತಗಳಿಲ್ಲ. ಒಂದು ಸಿಕ್ಕಿತು. ಇನ್ನೊಂದರ ಹೆಸರನ್ನು ಟೈಪು ಮಾಡುವಾಗ ಬೆರಳು ಎರಡು ಸಲ ತಪ್ಪು ಕೀಲಿಯ ಮೇಲೆ ಬಿತ್ತು. ನೂರಾರು ಮೀಟರುಗಳ ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಕೂರಿಸಿದ ಬೆರಳುಗಳು ಅವು. ದೇವರೇ ಇದೊಂದು ಸಲ ಎಂದು ಬಾಯಲ್ಲಿ ಬಂತು, ಅವನೋ ದೇವರ ಗೊಡವೆಗೆ ಹೋದವನೇ ಅಲ್ಲ.

ನಾಲ್ಕಕ್ಕೆ ನಾಲ್ಕು ನಿಮಿಷವಿದ್ದಾಗ ಬೂದು ಚೌಕ ಹೋಗಿ ನೀಲಿ ಪುಟ ತೆರೆಯಿತು. ಮೇಸ್ತ್ರಿ ಕುರ್ಚಿಗೆ ಬೆನ್ನು ಕೊಟ್ಟು ಒಂದು ದೊಡ್ಡ ಉಸಿರು ಬಿಟ್ಟ.

ಹೊಸದಾಗಿ ಹಾಕಿದ್ದರಿಂದ ಪ್ಲಗಿನ್ನು ಹಳೆಯದನ್ನೆಲ್ಲ ಮರೆತಿತ್ತು. ಮೊದಲ ದಿನದ ಹಾಗೆ ಒಂದೊಂದಾಗಿ ಕೇಳತೊಡಗಿತು. ಮೈಕ್ ಬಳಸಬಹುದೇ? ಸರಿ ಎಂದ. ನಿಮ್ಮ ಕಂಪ್ಯೂಟರಿನಲ್ಲಿ ಮಾಹಿತಿ ಇಟ್ಟುಕೊಳ್ಳಬಹುದೇ? ಬೇಡ, ಬೇಡವೆಂದದ್ದನ್ನು ನೆನಪಿಟ್ಟುಕೋ. ನಮ್ಮ ಸುದ್ದಿಪತ್ರ ಕಳಿಸಬಹುದೇ? ಬೇಡ, ನೆನಪಿಟ್ಟುಕೋ. ಕ್ಯಾಮೆರಾ ಬಳಸಬಹುದೇ?

ಬೆರಳು ಅದೇ ಓಟದಲ್ಲಿ 'ಬೇಡ'ದ ಮೇಲೆ ಹೋಗಿ ನಿಂತಿತ್ತು. ಈ ಪ್ರಶ್ನೆಯನ್ನು ಹಿಂದೆಯೂ ನೋಡಿದ್ದೇನೆ ಎನ್ನಿಸಿತು. ಎಂಟು ತಿಂಗಳ ಹಿಂದೆ, ಮೊದಲ ದಿನ, ಇದೇ ಕುರ್ಚಿಯಲ್ಲಿ ಕೂತು ತಾನು ಕೊಟ್ಟ ಉತ್ತರವೂ ನೆನಪಾಯಿತು. ಬ್ರೌಸರು ಒಮ್ಮೆ ಕ್ಯಾಮೆರಾ ಕೇಳಿತ್ತು, ಕೊಟ್ಟಿದ್ದ. ಆಮೇಲೆ ಈ ಪ್ಲಗಿನ್ನು ಎರಡನೆಯ ಸಲ ಕೇಳಿದಾಗ, ಕಂಪನಿಯವರಿಗೆ ನನ್ನ ಮನೆಯ ಚಿತ್ರ ಯಾಕಪ್ಪ, ಕಳ್ಳರು ಎಂದುಕೊಂಡು ಬೇಡ ಎಂದಿದ್ದ. ನೆನಪಿಟ್ಟುಕೋ ಎಂದೂ ಹೇಳಿದ್ದ. ಮಗಳ ಮುಖ ಚೆನ್ನಾಗಿಯೇ ಬಂದಿತ್ತಲ್ಲ, ಎಲ್ಲ ಸರಿಯಿದೆ ಎಂದುಕೊಂಡಿದ್ದ.

'ಸರಿ'ಯನ್ನು ಒತ್ತಿದ. ಕ್ಯಾಮೆರಾದ ಪಕ್ಕದಲ್ಲಿ ಸಣ್ಣದೊಂದು ಹಸಿರು ದೀಪ ಹೊತ್ತಿಕೊಂಡಿತು. ಅದು ಹೊತ್ತಿದ್ದನ್ನು ಅವನು ಈ ಎಂಟು ತಿಂಗಳಲ್ಲಿ ನೋಡಿರಲಿಲ್ಲ, ದೀಪ ಕೆಟ್ಟಿರಬೇಕು ಎಂದು ಬಿಟ್ಟಿದ್ದ. ಪರದೆಯ ಮೂಲೆಯಲ್ಲಿ ಬೆರಳಗಲದ ಕಿಟಕಿಯೊಂದು ಬಿಚ್ಚಿಕೊಂಡು ಅದರಲ್ಲಿ ಅವನದೇ ಮುಖ ಬಂತು. ಮಗಳು ದೊಡ್ಡದಾಗಿ ಕಾಣಲಿ ಎಂದು ಆ ಕಿಟಕಿಯನ್ನು ಅವನು ಮೊದಲ ದಿನವೇ ಮುಚ್ಚಿದ್ದ. ಹಾಗಿರಲಾರದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಇಷ್ಟು ದಿನ ಆಗಿದ್ದರೆ ಯಾರಾದರೂ ಹೇಳುತ್ತಿರಲಿಲ್ಲವೇ?

ನಾಲ್ಕಕ್ಕೆ ಸರಿಯಾಗಿ ಮಗಳು ಬಂದಳು. ಅವಳನ್ನು ಅವನು ಗುಬ್ಬಿ ಎಂದೇ ಕರೆಯುವುದು. ಮುಂದಿನ ಹಲ್ಲೊಂದು ಬಿದ್ದಿತ್ತು. ಎಂದಿನಂತೆ ಅಪ್ಪಾ ಎಂದು ಕೂಗಲಿಲ್ಲ. ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟು ಮುಖವನ್ನು ಹತ್ತಿರ ತಂದಳು. ಇನ್ನೂ ಹತ್ತಿರ ತಂದಳು.

"ಅಪ್ಪ, ನೀನು ಕಾಣಿಸ್ತಿದ್ದೀಯ."

"ಪ್ರತಿ ವಾರನೂ ಕಾಣಿಸ್ತೀನಲ್ಲೇ," ಎಂದ ಮೇಸ್ತ್ರಿ.

"ಇಲ್ಲಪ್ಪ. ಕಪ್ಪು ಚೌಕ ಇರ್ತಿತ್ತು. ಮಾತು ಮಾತ್ರ ಬರ್ತಿತ್ತು."

"ಯಾವಾಗಿಂದ?"

"ಮೊದ್ಲಿಂದ್ಲೂ."

ಮೊದಲಿನಿಂದಲೂ. ಮೂವತ್ತು ಶನಿವಾರಗಳ ಮೇಲಾಗಿತ್ತು. ಅಷ್ಟು ಸಲ ಗಡ್ಡ ಹೆರೆದು, ಅಂಗಿಗೆ ಇಸ್ತ್ರಿ ಹಾಕಿ, ಬಾಯಿ ತುಂಬ ನಗುತ್ತ, ಕೈ ಬೀಸುತ್ತ ಅವನು ಕೂತಿದ್ದ. ಮಗಳು ನಕ್ಕಿದ್ದಳು, ಕೈ ಬೀಸಿದ್ದಳು. ಹೋದ ತಿಂಗಳು ಹಳೆಯ ಮೀಟರಿನ ಹಿತ್ತಾಳೆ ಚಕ್ರವೊಂದನ್ನು ಕ್ಯಾಮೆರಾಕ್ಕೆ ಹಿಡಿದು, ಹಲ್ಲುಗಳು ಎಷ್ಟು ಸಣ್ಣವು ನೋಡು ಎಂದಿದ್ದ. ಚೆನ್ನಾಗಿದೆ ಎಂದಿದ್ದಳಲ್ಲ. ಅದನ್ನೇ ಕೇಳಿದ.

"ನೀನು ಅಷ್ಟು ಖುಷಿಯಾಗಿ ಹೇಳ್ತಿದ್ದೆ," ಎಂದಳು ಗುಬ್ಬಿ.

"ಕಾಣಿಸಲ್ಲ ಅಂತ ನಂಗೆ ಹೇಳ್ಬೇಕಿತ್ತಲ್ಲಮ್ಮ."

"ಅಮ್ಮನ್ನ ಕೇಳ್ದೆ. ನಿಮ್ಮಪ್ಪಂಗೆ ಮುಖ ತೋರ್ಸೋಕೆ ಇಷ್ಟ ಇಲ್ವೇನೋ, ಕೇಳಿ ನೋಯಿಸ್ಬೇಡ ಅಂದ್ಲು."

ಹೆಂಡತಿಯ ಮೇಲೆ ಸಿಟ್ಟು ಬರಲಿ ಎಂದು ಮೇಸ್ತ್ರಿ ಕಾದ. ಬರಲಿಲ್ಲ. ಹನ್ನೊಂದು ವರ್ಷ ಜೊತೆಗಿದ್ದವಳು. ಬೇಸರವಾದರೆ ಕೋಣೆಯ ಬಾಗಿಲು ಹಾಕಿಕೊಂಡು ದಿನಗಟ್ಟಲೆ ಮೀಟರು ಬಿಚ್ಚುತ್ತ ಕೂರುವ ಗಂಡನನ್ನು ನೋಡಿದವಳು. ಕಪ್ಪು ಚೌಕ ಕಂಡರೆ ಅವಳಿಗೆ ಇನ್ನೇನು ಹೊಳೆಯಬೇಕಿತ್ತು?

"ನಿನ್ನ ಮುಖ ಮರ್ತು ಹೋಗ್ತಿತ್ತಪ್ಪ," ಎಂದಳು ಮಗಳು. ಅದರಲ್ಲಿ ದೂರಿರಲಿಲ್ಲ. ಶಾಲೆಯಲ್ಲಿ ರಬ್ಬರು ಕಳೆದುಹೋದದ್ದನ್ನು ಹೇಳುವಾಗಲೂ ಅವಳು ಹೀಗೆಯೇ ಹೇಳುತ್ತಿದ್ದಳು.

ಅದು ಏನಾಯಿತೆಂದರೆ, ಈ ಪ್ಲಗಿನ್ ಇದೆಯಲ್ಲ ಎಂದು ಮೇಸ್ತ್ರಿ ಶುರುಮಾಡಿದ. ಕಂಪನಿಯವರು ಎಂದ, ಬ್ರೌಸರು ಎಂದ. ಮಗಳು ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು, ಮಾತನ್ನು ಕೇಳುತ್ತಲೇ ಇರಲಿಲ್ಲ. ಅವನ ಬಾಯಿ ಅಲ್ಲಿಗೇ ನಿಂತಿತು.

"ತಪ್ಪು ನಂದೇ ಕಣೇ ಗುಬ್ಬಿ," ಎಂದ. "ನಾನೇ ಮುಚ್ಚಿಟ್ಟಿದ್ದೆ. ನಂಗೆ ಗೊತ್ತೇ ಆಗ್ಲಿಲ್ಲ."

ಹೆಂಡತಿ ಹನ್ನೊಂದು ವರ್ಷ ಕಾದರೂ ಅವನ ಬಾಯಿಂದ ಹೊರಡದಿದ್ದ ಮಾತು ಅದು. ಮಗಳು ಹೂಂ ಎಂದಳು, ಅಷ್ಟೇ. ಕನ್ನಡಕ ಯಾವಾಗ ಬಂತು ಎಂದು ಕೇಳಿದಳು. ಆರು ತಿಂಗಳಾಯಿತು ಎಂದ. ಕಿವಿಯ ಹತ್ತಿರ ಬಿಳಿಯಾಗಿದೆ ಎಂದಳು. ಆ ಕಡೆ ತಿರುಗು ಎಂದಳು, ತಿರುಗಿದ. ಈ ಕಡೆ ಎಂದಳು, ತಿರುಗಿದ. ಹಿಂದಿನ ಗೋಡೆಯ ಬಣ್ಣ ಬೇರೆಯಾಗಿದೆ ಎಂದಳು. ಬಣ್ಣ ಹೊಡೆಸಿದ್ದನ್ನು ಅವಳಿಗೆ ಯಾವಾಗಲೋ ಹೇಳಿದ್ದ, ಅವಳು ಚೆನ್ನಾಗಿದೆ ಎಂದಿದ್ದಳು. ಕಣ್ಣಲ್ಲಿ ನೀರು ತುಂಬಿ ಮಗಳ ಮುಖ ಮಂಜಾಯಿತು. ಒರೆಸಿಕೊಳ್ಳಲು ಕೈಯೆತ್ತಿದ.

"ಅಲ್ಲಾಡ್ಬೇಡಪ್ಪ," ಎಂದಳು ಅವಳು. ಒಂದು ಹಾಳೆ ಎಳೆದುಕೊಂಡು ಪೆನ್ಸಿಲ್ ಹಿಡಿದಿದ್ದಳು. "ನಿನ್ನ ಚಿತ್ರ ಬರ್ಕೊಳ್ತೀನಿ. ಮುಂದಿನ ವಾರ ಕಾಣಿಸ್ತೀಯೋ ಇಲ್ವೋ."

ಕಾಣಿಸುತ್ತೇನೆ, ಖಂಡಿತ ಕಾಣಿಸುತ್ತೇನೆ ಎನ್ನಬೇಕೆಂದುಕೊಂಡ. ಮಾತಾಡಿದರೆ ಗದ್ದ ಅಲುಗುತ್ತದೆ ಎಂದು ಸುಮ್ಮನಾದ. ಮುಂದಿನ ಇಪ್ಪತ್ತು ನಿಮಿಷ ಇಬ್ಬರೂ ಒಂದಕ್ಷರ ಆಡಲಿಲ್ಲ. ಗುಬ್ಬಿ ತಲೆಯೆತ್ತುವಳು, ಅವನನ್ನು ದಿಟ್ಟಿಸುವಳು, ಮತ್ತೆ ತಲೆ ತಗ್ಗಿಸಿ ಗೀಚುವಳು. ಹಾಳೆಯ ಮೇಲೆ ಪೆನ್ಸಿಲ್ ಸರಿಯುವ ಸದ್ದು ಕೋಣೆಯಲ್ಲಿ ತುಂಬಿಕೊಂಡಿತ್ತು. ಅವನ ಕೆನ್ನೆಯ ಮೇಲೆ ಇಳಿದದ್ದು ಅಲ್ಲೇ ಆರಿತು.

ನಾಲ್ಕೂವರೆಗೆ ಪರದೆ ತಾನಾಗಿಯೇ ಬಿಳಿಚಿಕೊಂಡು, ಈ ಭೇಟಿಯ ಸಮಯ ಮುಗಿದಿದೆ ಎಂದು ತೋರಿಸಿತು. ಪರದೆ ಹೋಗುವ ಗಳಿಗೆಯಲ್ಲೂ ಅವಳು ಇನ್ನೂ ಬರೆಯುತ್ತಲೇ ಇದ್ದಳು. ಮೇಸ್ತ್ರಿ ಗದ್ದವನ್ನು ಅವಳು ಬರೆಯುವಾಗ ಇದ್ದಷ್ಟೇ ಎತ್ತರಕ್ಕೆ ಹಿಡಿದು, ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಅಲ್ಲಾಡದೆ ಕೂತೇ ಇದ್ದ.