ಕತ್ತರಿ ಹಿಡಿದ ಕೈ

ಗಿರಾಕಿಯೊಬ್ಬನ ಕೆನ್ನೆಗೆ ನೊರೆ ಹಚ್ಚುತ್ತಿದ್ದಾಗಲೇ ಕ್ಷೌರಿಕನ ಬಲಗೈ ಜೋತುಬಿತ್ತು, ಬಾಯಿ ಸೊಟ್ಟಗಾಯಿತು. ಆಸ್ಪತ್ರೆಯಿಂದ ಬಂದಮೇಲೆ ಮಾತೇನೋ ಮರಳಿತು, ಕಾಲೂ ಎಳೆದುಕೊಂಡು ನಡೆಯುವಷ್ಟು ಸುಧಾರಿಸಿತು. ಕೈ ಮಾತ್ರ ಹೇಳಿದ್ದು ಕೇಳಲಿಲ್ಲ. ಸದಾ ನಾಲ್ಕು ಜನರ ನಡುವೆ ನಗುತ್ತಿದ್ದ ಮನುಷ್ಯ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಬೀದಿಯ ತಿರುವಿನಲ್ಲಿದ್ದ ಅಂಗಡಿಗೆ ಬೀಗ ಬಿತ್ತು.

ಹೆಂಡತಿ ಕಂಡವರ ಮನೆಗಳಲ್ಲಿ ಪಾತ್ರೆ ತಿಕ್ಕಿ ಸಂಸಾರ ತೂಗಿಸಿದಳು. ಅತ್ತೆ ಹರಿದ ಬಟ್ಟೆಗಳಿಗೆ ತೇಪೆ ಹಾಕಿಕೊಡುತ್ತಿದ್ದಳು. ಅತ್ತೆ ಸೊಸೆಗೆ ಮೊದಲಿನಿಂದಲೂ ಎಣ್ಣೆ ಸೀಗೇಕಾಯಿ. ಈಗ ಜಗಳಕ್ಕೂ ಪುರುಸೊತ್ತಿರಲಿಲ್ಲ.

ಗಂಡನ ಗಡ್ಡ ಬೆಳೆಯುತ್ತಲೇ ಹೋಯಿತು. ಬೇರೆ ಕ್ಷೌರಿಕನನ್ನು ಕರೆಸಲು ಅವನು ಸುತರಾಂ ಒಪ್ಪಲಿಲ್ಲ. ಕೊನೆಗೆ ಅವಳೇ ಬಿಸಿನೀರಿನ ಬಟ್ಟಲು ಹಿಡಿದು ಅವನ ಪಕ್ಕ ಕೂತಳು. ಮೊದಲ ಸಲವೇ ಗಲ್ಲದಲ್ಲಿ ರಕ್ತ ಒಸರಿತು.

"ಕತ್ತೀನ ಹಾಗೆ ನೆಟ್ಟಗೆ ಹಿಡೀತಾರೇನೇ? ಮಲಗಿಸು. ಚರ್ಮ ಎಳೆದು ಹಿಡಿ!" ಎಂದು ಅವನು ರೇಗಿದ.

ಎಷ್ಟೋ ದಿನಗಳ ಮೇಲೆ ಅವನು ಬಾಯಿಬಿಟ್ಟಿದ್ದ. ಅವಳಿಗೆ ಆ ಬೈಗುಳವೇ ಹಿತವೆನಿಸಿತು. ದಿನಾ ಬೈಸಿಕೊಳ್ಳುತ್ತ ಅವನ ಗಡ್ಡ ಹೆರೆದಳು, ಅಕ್ಕಪಕ್ಕದ ಮಕ್ಕಳ ಕೂದಲು ಕತ್ತರಿಸಿದಳು. ಕೈ ಪಳಗಿತು.

"ರೀ, ಅಂಗಡಿ ನಾನೇ ತೆಗೀಲಾ?" ಎಂದು ಒಮ್ಮೆ ಕೇಳಿದಳು.

"ಕಂಡ ಗಂಡಸರ ಗಲ್ಲ ಹಿಡ್ಕೊಂಡು ನಿಂತ್ಕೋತೀಯಾ? ನನ್ನ ಮಾನ ಏನಾಗ್ಬೇಕು?"

ಸೂಜಿಗೆ ದಾರ ಪೋಣಿಸುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. "ಗಲ್ಲ ಹಿಡಿದ್ರೆ ಹೋಗೋ ಮಾನ, ಕಂಡವರ ಎಂಜಲು ತಟ್ಟೆ ತೊಳೆದ್ರೆ ಉಳಿಯುತ್ತೇನೋ?"

ಅವನು ಮತ್ತೆ ಗೋಡೆಯ ಕಡೆ ತಿರುಗಿದ.

ಅವಳು ಅಂಗಡಿ ತೆರೆದಳು. ಕನ್ನಡಿ ಒರೆಸಿದಳು, ಕತ್ತರಿಗಳಿಗೆ ಸಾಣೆ ಹಿಡಿಸಿದಳು, ಬಾಗಿಲಲ್ಲಿ ನಿಂತಳು. ಹಳೆಯ ಗಿರಾಕಿಗಳು ಇಣುಕಿ ನೋಡಿ, ಏನೋ ಮರೆತವರಂತೆ ಮುಂದೆ ಹೋದರು. ಎದುರಿಗೆ ಸೈಕಲ್ ರಿಪೇರಿ ಮಾಡುವವನು ಕೂಗಿದ: "ಏನಕ್ಕಾ, ಗಂಡನ ತಲೆ ಬೋಳಿಸಿದ್ದು ಸಾಲಲಿಲ್ವಾ, ನಮ್ಮದೂ ಬೇಕಾ?"

"ನಿಮ್ಮ ತಲೇಲಿ ಬೋಳಿಸೋಕೆ ಏನಿದೆಯಣ್ಣಾ?" ಎಂದು ಅವಳೂ ನಕ್ಕಳು. ಒಳಗೆ ಬಂದು ಖಾಲಿ ಕುರ್ಚಿಯ ಬೆನ್ನು ಹಿಡಿದು ನಿಂತಾಗ ನಗು ಇರಲಿಲ್ಲ. ವಾರ ಕಳೆದರೂ ಯಾರೂ ಆ ಕುರ್ಚಿಯಲ್ಲಿ ಕೂರಲಿಲ್ಲ.

"ನನ್ನ ಕೈಲಾಗಲ್ಲ ಅತ್ತೆ. ನಾಳೆಯಿಂದ ಪಾತ್ರೆ ತಿಕ್ಕೋಕೇ ಹೋಗ್ತೀನಿ," ಎಂದು ಆ ಸಂಜೆ ಒಲೆ ಮುಂದೆ ಕೂತು ಬಿಕ್ಕಿದಳು.

ಅತ್ತೆ ಸಮಾಧಾನ ಹೇಳುವ ಜಾತಿಯವಳಲ್ಲ. "ಅಳೋದಿದ್ರೆ ಇವತ್ತೇ ಅತ್ತು ಮುಗಿಸು. ಬೆಳಿಗ್ಗೆ ಎದ್ದು ಅಂಗಡಿಗೆ ಹೋಗು," ಎಂದಳು. ಒಲೆಗೆ ಸೌದೆ ನೂಕಿ ಸೊಸೆಯ ಬೆನ್ನ ಮೇಲೆ ಕೈಯಿಟ್ಟಳು. ಅಷ್ಟು ವರ್ಷಗಳಲ್ಲಿ ಆ ಕೈ ಅಲ್ಲಿಗೆ ಬಂದದ್ದು ಅದೇ ಮೊದಲು. ಒಳಕೋಣೆಯಲ್ಲಿ ಮಲಗಿದ್ದವನಿಗೆ ಎಲ್ಲವೂ ಕೇಳಿಸುತ್ತಿತ್ತು.

ಮರುದಿನ ಬೀದಿ ಜನರಿಂದ ಗಿಜಿಗುಡುವ ಹೊತ್ತಿಗೆ, ತಾಯಿಯ ಹೆಗಲು ಹಿಡಿದು, ಕಾಲೆಳೆಯುತ್ತ ಅವನು ಬಂದ. ಎಲ್ಲರೂ ನೋಡುತ್ತಿದ್ದಂತೆ ಕುರ್ಚಿಯಲ್ಲಿ ಕೂತ.

"ಗಡ್ಡ ಮಾಡು."

"ಬೆಳಿಗ್ಗೆ ತಾನೆ ಮಾಡಿದ್ನಲ್ರೀ!"

"ಹಾಗಾದ್ರೆ ಕೂದಲು ಕತ್ತರಿಸು. ಬಾಗಿಲು ಪೂರ್ತಿ ತೆಗಿ, ನೋಡೋರು ನೋಡ್ಲಿ."

ಅವಳು ಅವನ ಕೊರಳಿಗೆ ಬಟ್ಟೆ ಸುತ್ತಿದಳು. ಅವನು ಕಣ್ಣುಮುಚ್ಚಿ ತಲೆ ಒಪ್ಪಿಸಿದ. ಕತ್ತರಿ ಓಡಿತು. ಮುಗಿದ ಮೇಲೆ ಅವನು ಕನ್ನಡಿಯಲ್ಲಿ ಎಡಬಲ ತಿರುಗಿ ನೋಡಿಕೊಂಡು, ಬೀದಿಗೆ ಕೇಳುವಂತೆ ಗಟ್ಟಿಯಾಗಿ ಕೂಗಿದ: "ಏನಯ್ಯಾ ಸೈಕಲ್ಲು, ಆಚೆ ನಿಂತು ಏನು ನೋಡ್ತೀಯ? ನಿನ್ನ ಗಡ್ಡದಲ್ಲಿ ಗುಬ್ಬಿ ಗೂಡು ಕಟ್ಟೋ ಹಾಗಿದೆ. ಬಾ, ಮುಂದಿನ ಸರದಿ ನಿಂದೇ!"

ಬೀದಿಗೆ ಬೀದಿಯೇ ನಕ್ಕಿತು. ಸೈಕಲ್ಲಿನವನು ವಿಧಿಯಿಲ್ಲದೆ ಬಂದು ಉಸಿರು ಬಿಗಿಹಿಡಿದು ಕೂತ. ಎದ್ದಾಗ ಮೊದಲು ಕುತ್ತಿಗೆ ಮುಟ್ಟಿ ನೋಡಿಕೊಂಡ, ಆಮೇಲೆ ಕೆನ್ನೆ. ದುಡ್ಡು ಕೊಟ್ಟು ಹೋದ. ಮುಂದಿನ ಸಲ ಭಾವಮೈದುನನನ್ನೂ ಕರೆತಂದ.

ಎಲ್ಲರೂ ಬರಲಿಲ್ಲ. ಕೆಲವರು ಇವತ್ತಿಗೂ ಆಚೆ ಬೀದಿಯ ಕ್ಷೌರದಂಗಡಿಗೇ ಹೋಗುತ್ತಾರೆ. ಮಕ್ಕಳನ್ನು ಕರೆತಂದ ಹೆಂಗಸರು ಮಾತ್ರ ತಾವೂ ಕೂದಲು ಸರಿಮಾಡಿಸಿಕೊಂಡು ಹೋಗತೊಡಗಿದರು. ಗಂಡ ಬೆಂಚಿನ ಮೇಲೆ ಕೂತು ಗಿರಾಕಿಗಳ ಜೊತೆ ಹರಟುತ್ತಾನೆ. ಕೆಲವು ದಿನ ಹಾಸಿಗೆ ಬಿಟ್ಟು ಏಳುವುದೇ ಇಲ್ಲ. ಆಗ ಅವಳೊಬ್ಬಳೇ ಬಂದು ಬಾಗಿಲು ತೆಗೆಯುತ್ತಾಳೆ. ಹರಟುವುದನ್ನೂ ಈಗೀಗ ಕಲಿಯುತ್ತಿದ್ದಾಳೆ. ಸ್ವಲ್ಪ ಸುಳ್ಳು ಬೆರೆಸದಿದ್ದರೆ ರುಚಿ ಹತ್ತುವುದಿಲ್ಲವೆಂದು ಗಂಡ ಹೇಳಿಕೊಟ್ಟಿದ್ದಾನೆ.