ಬಿರುಕಿಲ್ಲದ ರೋಲ್

ಸತ್ತ ತಂದೆಯ ಗದ್ದ ಕಟ್ಟಲು ಬಟ್ಟೆ ಹುಡುಕುತ್ತ ಅಡುಗೆಮನೆಗೆ ಹೋದ ಶರತ್, ಕೈಗೆ ಸಿಕ್ಕಿದ ಬಿಳಿ ಪಂಚೆಯ ತುಂಡನ್ನು ಹರಿಯಲು ಹೊರಟಿದ್ದ. ನಾಗವೇಣಿ ಅದನ್ನು ಅವನ ಕೈಯಿಂದ ಕಿತ್ತುಕೊಂಡಳು.

“ಅದು ಕೇಕ್ ರೋಲ್ ಸುತ್ತುವ ಬಟ್ಟೆ. ಬೇರೆ ತಗೊ.”

“ಅಮ್ಮಾ, ಬಟ್ಟೆ ಬಟ್ಟೆಯೇ ಅಲ್ವಾ?”

ಅವಳು ತನ್ನ ಹಳೆಯ ಸೀರೆಯ ಅಂಚು ಹರಿದುಕೊಟ್ಟಳು. ಎಷ್ಟು ಒಗೆದರೂ ಆ ಪಂಚೆಯ ತುಂಡಿನಿಂದ ಸುಟ್ಟ ಸಕ್ಕರೆಯ ವಾಸನೆ ಹೋಗಿರಲಿಲ್ಲ. ಸತ್ತ ಗಂಡನ ಮುಖಕ್ಕೆ ಅದನ್ನು ಕಟ್ಟುವುದು ಅವಳಿಂದಾಗದ ಮಾತು.

ಸೂರತ್‌ನ ವರಾಛಾದ ಆ ಫ್ಲಾಟಿನ ಹಾಲ್‌ನಲ್ಲಿ ಜನ ಸೇರಿದ್ದರು. ಊರ ಕಡೆಯ ಹೋಟೆಲಿನವರು, ತೀರಿಕೊಂಡ ಸದಾಶಿವನ ಹೋಟೆಲಿಗೆ ಬರುತ್ತಿದ್ದ ವಜ್ರದ ಕಾರ್ಖಾನೆಯವರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ಎದುರುಮನೆಯ ಹಂಸಾಬೆನ್ ಬೆಳಗಿನಿಂದ ಎಲ್ಲರಿಗೂ ಚಹಾ ಮಾಡಿ ತರುತ್ತಿದ್ದಳು. ಜೈನರ ಮನೆ; ಅಲ್ಲಿ ಈರುಳ್ಳಿ, ಆಲೂಗಡ್ಡೆ ಕೂಡ ಹೊಸ್ತಿಲು ದಾಟುವುದಿಲ್ಲ. ಸೂರತ್‌ಗೆ ಬಂದ ಹೊಸತರಲ್ಲಿ, ಭಾಷೆ ಬಾರದ ನಾಗವೇಣಿಯನ್ನು ಕೈಹಿಡಿದು ಸಂತೆ ಸುತ್ತಿಸಿದವಳು ಇವಳೇ. ಒಡಹುಟ್ಟಿದವರೂ ಅಷ್ಟು ಮಾಡುವುದಿಲ್ಲ.

“ಅಂಥ ರೋಲ್ ಇನ್ನೆಲ್ಲಿ ಸಿಗ್ತದೆ?” ಎಂದರು ಪಕ್ಕದ ಬೀದಿಯ ಹೋಟೆಲಿನ ಪದ್ಮನಾಭ. “ಮೊಟ್ಟೆ ಹಾಕದೆ ಅಷ್ಟು ಮೆತ್ತಗೆ. ನಾನೂ ಮಾಡಿ ನೋಡಿದೆ ಮಾರಾಯ್ರೆ, ಹಂಚಿನ ಹಾಗೆ ಒಡೀತು.”

ನಾಗವೇಣಿ ನೆಲ ನೋಡಿದಳು.

*

ಮೊಟ್ಟೆಯಿಲ್ಲದ ರೋಲ್ ಸದಾಶಿವನ ಕೈಯಲ್ಲೂ ಒಡೆಯುತ್ತಿತ್ತು. ಹುಡುಗನಾಗಿದ್ದಾಗ ಮಂಗಳೂರಿನ ಬೇಕರಿಯಲ್ಲಿ ಕಲಿತದ್ದು ಮೊಟ್ಟೆಯ ರೋಲ್. ಈ ಊರಲ್ಲಿ ಅದನ್ನು ಕೊಳ್ಳುವವರು ಯಾರು? ದೋಸೆಯೊಂದರಿಂದ ಹೋಟೆಲು ನಡೆಯುವಂತಿರಲಿಲ್ಲ. ಮೊಟ್ಟೆಯ ಬದಲು ಮೊಸರು ಹಾಕಿದ, ಡಬ್ಬಿಯ ಗಟ್ಟಿ ಹಾಲು ಹಾಕಿದ. ತೆಳ್ಳಗೆ ಬೇಯಿಸಿದ ಕೇಕನ್ನು ಸಕ್ಕರೆ ಉದುರಿಸಿದ ಒದ್ದೆ ಬಟ್ಟೆಗೆ ಮಗುಚುತ್ತಿದ್ದ. ಸಕ್ಕರೆಯನ್ನು ಕೆಂಪಗೆ ಸುಟ್ಟು, ಬೆಣ್ಣೆ, ಕೆನೆ ಕೂಡಿಸಿ ಕಾಸಿದ ಪಾಕವನ್ನು ಸವರಿ, ಬಟ್ಟೆಯ ಆಸರೆಯಲ್ಲಿ ಮೆಲ್ಲಗೆ ಸುತ್ತುತ್ತಿದ್ದ. ಅರ್ಧಕ್ಕೆ ಬರುವಷ್ಟರಲ್ಲಿ ಅದರ ಬೆನ್ನು ಬಿರಿಯುತ್ತಿತ್ತು. ಆಗ ಅವನ ಮುಖ ನೋಡಲಾಗುತ್ತಿರಲಿಲ್ಲ.

ಒಂದು ದಿನ ಬಿರಿಯಲಿಲ್ಲ. ನಾಗವೇಣಿ ಹಿಗ್ಗಿ ಹೀರೆಕಾಯಿಯಾಗಿ ಹಂಸಾಬೆನ್‌ಳನ್ನು ಕರೆತಂದು ಮೊದಲ ತುಂಡನ್ನು ತಿನ್ನಿಸಿದಳು. ಸಂಜೆ ಕಸ ತೆಗೆಯುವಾಗ ಹಳೆ ಪೇಪರಿನೊಳಗೆ ಮೊಟ್ಟೆಯ ಚಿಪ್ಪು ಸಿಕ್ಕಿತು.

“ಇದೆಂತದು?”

“ಸುಮ್ಮನಿರು ಮಾರಾಯ್ತಿ. ಉಡುಪಿ ಅಂತ ಬೋರ್ಡ್ ಉಂಟಲ್ಲ, ಯಾರೂ ಕೇಳುದಿಲ್ಲ.”

ನಿಜಕ್ಕೂ ಯಾರೂ ಕೇಳಲಿಲ್ಲ. ಅಂದಿನಿಂದ ಚಿಪ್ಪನ್ನು ಪುಡಿಮಾಡಿ ದೂರದ ತೊಟ್ಟಿಗೆ ಹಾಕಿಬರುವುದು ಅವಳ ಕೆಲಸವಾಯಿತು. ಕಳ್ಳನ ಹೆಂಡತಿ ಎಂದಿದ್ದರೂ ಮುಂಡೆ ಎನ್ನುತ್ತಾರೆ. ಮುಂಡೆಯಾಗುವುದಕ್ಕೆ ಮೊದಲು ಅವಳೂ ಕಳ್ಳಿಯೇ.

*

ಪದ್ಮನಾಭ ಗದ್ದದ ಬಟ್ಟೆ ಸಡಿಲಿಸಿ ತುಳಸಿ ನೀರಿನ ಲೋಟ ಮುಂದಿಟ್ಟರು. ಶರತ್ ಹೆಣದ ಬಾಯಿಗೆ ನೀರು ಬಿಟ್ಟ. ನಾಗವೇಣಿ ಬಿಟ್ಟಳು. ಹಂಸಾಬೆನ್ ಜನರನ್ನು ಸರಿಸಿಕೊಂಡು ಬಂದು ಹೆಣದ ಪಕ್ಕ ಕುಳಿತಳು.

“ನಾನೂ ಬಿಡ್ತೀನಿ,” ಎಂದಳು ಹಿಂದಿಯಲ್ಲಿ. “ನಮ್ಮತ್ತೆ ಕೊನೆಗೆ ನೀರನ್ನೂ ನುಂಗ್ತಿರಲಿಲ್ಲ. ಸದಾಶಿವಭಾಯಿ ರೋಲನ್ನು ಹಾಲಲ್ಲಿ ಹಿಸುಕಿ ತಿನ್ನಿಸಿದ್ರು. ಅತ್ತೆಯ ಬಾಯಿಗೆ ಹೋದ ಕೊನೇ ತುತ್ತು ಅದು. ಆ ಋಣ ನನ್ನ ಮೇಲಿದೆ.” ಚಮಚದಲ್ಲಿ ನೀರು ತೆಗೆದು ಶರತನ ಕಡೆ ತಿರುಗಿದಳು. “ಬೇಟಾ, ಅಪ್ಪನ ರೋಲ್ ಮಾತ್ರ ನಿಲ್ಲಿಸಬೇಡ.”

“ಇಲ್ಲ ಆಂಟಿ. ನಾನು ಮಾಡ್ತೀನಿ. ಸೇಮ್ ಟು ಸೇಮ್.”

ಹೇಳಿದವನು ತಾಯಿಯನ್ನು ನೋಡಲಿಲ್ಲ. ಅವನಿಗೂ ಎಲ್ಲ ಗೊತ್ತಿತ್ತು. ಗಂಡನ ಜೊತೆ ಉರಿದುಹೋಗಲಿ ಎಂದು ನಾಗವೇಣಿ ಅಂದುಕೊಂಡಿದ್ದ ಸುಳ್ಳಿಗೆ ಅಲ್ಲೇ, ಹೆಣದ ಮುಂದೆಯೇ, ವಾರಸುದಾರ ಹುಟ್ಟಿದ್ದ. ಬಾಯಿಬಿಟ್ಟರೆ ಈ ಊರಲ್ಲಿ ಅವಳಿಗಿರುವ ಒಬ್ಬಳೇ ಗೆಳತಿ ಹೋಗುತ್ತಾಳೆ. ಬಿಡದಿದ್ದರೆ ನಾಳೆಯಿಂದ ಮತ್ತೆ ಅದನ್ನೇ ತಿನ್ನಿಸಬೇಕು.

“ಹಂಸಾಬೆನ್, ಅದರಲ್ಲಿ ಮೊಟ್ಟೆ ಇತ್ತು.”

“ಯಾವುದರಲ್ಲಿ?”

“ರೋಲಿನಲ್ಲಿ.”

“ಅಮ್ಮಾ, ಈಗ ಬೇಡ, ಪ್ಲೀಸ್,” ಎಂದ ಶರತ್.

ಹಂಸಾಬೆನ್‌ಳ ಚಮಚ ಸದಾಶಿವನ ತುಟಿಯ ಹತ್ತಿರ ನಿಂತಿತ್ತು. “ಅತ್ತೆ ತಿಂದದ್ದರಲ್ಲಿ?”

“ಎಲ್ಲದರಲ್ಲೂ.”

ಹಂಸಾಬೆನ್ ಚಮಚದ ನೀರನ್ನು ಲೋಟಕ್ಕೇ ಸುರಿದಳು. ಚಮಚವನ್ನು ಸದ್ದಾಗದಂತೆ ನೆಲಕ್ಕಿಟ್ಟು, ನೆಲಕ್ಕೆ ಕೈಯೂರಿ ಎದ್ದು ಹೊರಟುಹೋದಳು.

ಶವದ ವ್ಯಾನ್ ಕೆಳಗೆ ಬಂದು ನಿಂತಿತು. ಪದ್ಮನಾಭರು ಗದ್ದದ ಬಟ್ಟೆಯನ್ನು ಮತ್ತೆ ಬಿಗಿದರು. ಗಂಡಸರು ಚಟ್ಟಕ್ಕೆ ಹೆಗಲು ಕೊಟ್ಟರು. ಗೋವಿಂದ ಎನ್ನಬೇಕಾಗಿದ್ದವರು ಬಾಗಿಲ ಬಳಿ ಸುಮ್ಮನೆ ನಿಂತುಬಿಟ್ಟರು. ಎದುರುಮನೆಯ ಮುಚ್ಚಿದ ಬಾಗಿಲಿನಾಚೆ ನಲ್ಲಿ ಜೋರಾಗಿ ಸುರಿಯುತ್ತಿತ್ತು. ಯಾರೋ ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದರು, ಮತ್ತೆ ನೀರು ತುಂಬಿಕೊಂಡು ಮುಕ್ಕಳಿಸುತ್ತಿದ್ದರು. ಹೆಣ ಮೆಟ್ಟಿಲಿಳಿದು ಕೆಳಗೆ ಹೋಗುವವರೆಗೂ ಆ ಸದ್ದು ನಿಲ್ಲಲಿಲ್ಲ.