ಕೊನೆಸಾಲಿನ ಮೇಷ್ಟ್ರು

ಮೂರನೆಯ ಡ್ರಾಯರ್ ಅರ್ಧಕ್ಕೆ ಬಂದು ಕಚ್ಚಿಕೊಂಡಿತು. ಅವಳು ಒಂದು ಕಾಲನ್ನು ಮೇಜಿಗೆ ಒತ್ತಿ ಎರಡೂ ಕೈಯಿಂದ ಎಳೆದಳು. ಡ್ರಾಯರ್ ಪೂರ್ತಿ ಕಿತ್ತು ಬಂತು. ಪೆನ್ನು, ಕ್ಲಿಪ್ಪು, ಮುಗಿದ ರೀಫಿಲ್ಲುಗಳೆಲ್ಲ ನೆಲದ ತುಂಬ ಚೆಲ್ಲಿದವು. ಗಂಡ ಬದುಕಿದ್ದಾಗ ಈ ಮೇಜಿನ ಮೇಲಿನ ಧೂಳು ಒರೆಸಬೇಕಾದರೂ ಅಪ್ಪಣೆ ಬೇಕಿತ್ತು.

"ಅತ್ತಿಗೆ, ಪ್ರೆಸ್ಸಿನವನು ಇನ್ನೂ ಲೈನಲ್ಲಿದ್ದಾನೆ." ಮೈದುನ ಫೋನನ್ನು ಎದೆಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. "ಹತ್ತು ಗಂಟೆ ಒಳಗೆ ಹೇಳ್ಬೇಕಂತೆ. ಇಲ್ಲಾಂದ್ರೆ ಹನ್ನೆರಡಕ್ಕೆ ಶ್ರದ್ಧಾಂಜಲಿ ಕಾರ್ಡು ಕೈಗೆ ಸಿಗಲ್ಲ."

"ಮೇಲಿನ ಸಾಲೆಲ್ಲ ಆಯ್ತಲ್ಲ?"

"ಹೆಸರು, ವಯಸ್ಸು, ಹೊತ್ತು, ಜಾಗ, ಎಲ್ಲ ಆಯ್ತು. ಕೊನೆಗೆ 'ದುಃಖತಪ್ತ ಕುಟುಂಬವರ್ಗ' ಅಂತ ಹಾಕ್ಲಾ ಅಂತಾನೆ."

"ಬೇಡ ಬೇಡ. ಅವರು ಅಲ್ಲಿಂದಲೇ ಎದ್ದು ಬಂದು ತಿದ್ದಿಬಿಡ್ತಾರೆ."

ಮೈದುನನಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಎರಡನ್ನೂ ಒಟ್ಟಿಗೆ ನುಂಗಿ ಫೋನಿಗೆ ಹೇಳಿದ: "ಹತ್ತು ನಿಮಿಷ ಇರಪ್ಪ. ಹುಡುಕ್ತಿದ್ದಾರೆ."

ಅವಳು ಹುಡುಕುತ್ತಿದ್ದದ್ದು ಒಂದು ಉದ್ದನೆಯ ನೋಟ್‌ಬುಕ್ಕನ್ನು. ಸತ್ತವರು ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಇಪ್ಪತ್ತೇಳು ವರ್ಷ ಪತ್ರವ್ಯವಹಾರ ನೋಡಿಕೊಂಡಿದ್ದರು. ಮೊದಮೊದಲು ಕಾಗದ, ಆಮೇಲೆ ಇಮೇಲ್. ಆ ಆಫೀಸಿನಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ಮೇಲ್ ಯಾರೇ ಬರೆಯಲಿ, ಕೊನೆಯ ಸಾಲಿನ ಜಾಗ ಖಾಲಿ ಬಿಟ್ಟು ಇವರ ಮೇಜಿಗೆ ಕಳಿಸಬೇಕು. ಇವರು ಕನ್ನಡಕ ಹಣೆಗೇರಿಸಿ, ಪೂರ್ತಿ ಓದಿ, ಒಂದು ಸಾಲು ಸೇರಿಸಿದ ಮೇಲೆಯೇ ಅದು ಹೊರಗೆ ಹೋಗುತ್ತಿತ್ತು. ಶಾಲೆಯಲ್ಲಿ ಒಂದು ದಿನವೂ ಪಾಠ ಹೇಳದ ಮನುಷ್ಯನನ್ನು ಎಲ್ಲರೂ ಕೊನೆಸಾಲಿನ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು.

ನೋಟ್‌ಬುಕ್ ಡ್ರಾಯರಿನ ತಳದಲ್ಲಿ, ಹಳೆಯ ಕ್ಯಾಲೆಂಡರಿನ ಕೆಳಗೆ ಸಿಕ್ಕಿತು. ಅವಳು ನೆಲದ ಮೇಲೇ ಕೂತು ಹಾಳೆ ತಿರುವಿದಳು. ಯಾರಿಗೆ ಯಾವ ಸಾಲು ಎಂದು ಒಂದೊಂದಕ್ಕೂ ತಲೆಬರಹ. 'ಮೂರನೇ ಸಲ ದೂರು ಕೊಟ್ಟವರಿಗೆ: ನಾಳೆ ಹತ್ತಕ್ಕೆ ನಮ್ಮ ಮೆಕ್ಯಾನಿಕ್ ನಿಮ್ಮ ಬಾಗಿಲಲ್ಲಿರುತ್ತಾನೆ. ಇಲ್ಲದಿದ್ದರೆ ಹತ್ತೂಕಾಲಿಗೆ ನನಗೇ ಫೋನ್ ಮಾಡಿ ಬೈಯಿರಿ.' 'ಕೆಲಸ ಕೇಳಿ ಬಂದು ಸಿಗದವರಿಗೆ: ಜೂನ್‌ನಲ್ಲಿ ಮತ್ತೊಮ್ಮೆ ಬರೆಯಿರಿ, ನಿಮ್ಮ ಪತ್ರ ನನ್ನ ಮೇಜಿನ ಮೇಲೇ ಇರುತ್ತದೆ.' ಓದುತ್ತ ಓದುತ್ತ ಅವರ ದನಿಯೇ ಕೇಳಿದಂತಾಯಿತು.

ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಚುರುಕಿ. ಮೇಷ್ಟ್ರ ಕೈಕೆಳಗೆ ಕೆಲಸ ಕಲಿತ ಹುಡುಗಿ, ಈಗ ಅದೇ ಕಂಪನಿಯಲ್ಲಿ ದೊಡ್ಡ ಕುರ್ಚಿಯಲ್ಲಿದ್ದಾಳೆ. ಆ ಹೆಸರಿಟ್ಟವರೂ ಮೇಷ್ಟ್ರೇ. ಮಕ್ಕಳಿಲ್ಲದ ಈ ಮನೆಗೆ ಆರು ವರ್ಷದಿಂದ ಒಂದು ಭಾನುವಾರವೂ ತಪ್ಪಿಸದೆ ಕಿತ್ತಳೆ ಹಣ್ಣಿನ ಚೀಲ ಹಿಡಿದು ಬರುವವಳು.

"ಅಕ್ಕಾ, ಊಟ ಏನಾದ್ರೂ ಮಾಡಿದ್ರಾ?"

"ಇಳಿಯಲ್ಲ ಕಣೇ."

"ನಾನು ಸೀದಾ ಹಾಲ್‌ಗೇ ಬರ್ತೀನಿ. ಮಾತಾಡೋದು ಬರ್ಕೊಂಡಿದ್ದೀನಿ ಅಕ್ಕ. ಕೊನೆಗೆ ನಾನೇ ಮಾತಾಡ್ಲಾ?"

"ನೀನಲ್ದೆ ಇನ್ಯಾರು? ಕೊನೆ ಮಾತು ನಿಂದೇ," ಎಂದಳು ಅವಳು.

ಫೋನಿಟ್ಟು ಮತ್ತೆ ಹಾಳೆ ತಿರುವಿದಳು. ಕಟ್ಟಕಡೆಯ ಪುಟದ ಮೇಲ್ಗಡೆ ತಲೆಬರಹವಿಲ್ಲದ ಒಂದು ಸಾಲಿತ್ತು. ಅದನ್ನು ಓದಿದವಳು ಹಾಗೇ ಕೂತುಬಿಟ್ಟಳು. ಆ ಸಾಲು ಅವಳಿಗೆ ಬಾಯಿಪಾಠವಾಗಿತ್ತು.

*

ಆರು ವರ್ಷದ ಹಿಂದೆ, ಒಂದು ಶುಕ್ರವಾರದ ಬೆಳಿಗ್ಗೆ, ಮೇಷ್ಟ್ರು ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಅಡುಗೆಮನೆಯ ಮೇಜಿನ ಬಳಿ ನಿಂತು ಮೇಲ್ ನೋಡಿದ್ದರು. ಗುಂಡಿ ಅರ್ಧಕ್ಕೇ ನಿಂತಿತು.

"ಏನಂತೆ?" ಎಂದು ಅವಳು ಒಲೆಯ ಮುಂದಿನಿಂದಲೇ ಕೇಳಿದಳು.

"ಬರೋದು ಬೇಡ ಅಂತೆ."

"ಇವತ್ತಾ?"

"ಇನ್ನು ಮೇಲೆ."

ಕಂಪನಿಗೆ ಹೊಸ ಕಂಪ್ಯೂಟರ್ ವ್ಯವಸ್ಥೆ ಬಂದಿತ್ತು. ಗ್ರಾಹಕರ ದೂರಿಗೆ ಸಿದ್ಧ ಉತ್ತರ ತಾನಾಗಿಯೇ ಹೋಗುತ್ತದೆ, ಕೊನೆಯ ಸಾಲೂ ಅದರಲ್ಲೇ ಇರುತ್ತದೆ. ನಿವೃತ್ತಿಗೆ ನಾಲ್ಕೇ ತಿಂಗಳಿದ್ದ ಮನುಷ್ಯನಿಗೆ ಅಷ್ಟು ಕಾಯುವ ವ್ಯವಧಾನವೂ ಅವರಿಗಿರಲಿಲ್ಲ. ಮೇಲ್ ಮ್ಯಾನೇಜರನ ಹೆಸರಲ್ಲಿತ್ತು. ಅವಳು ಕೈ ಒರೆಸಿಕೊಂಡು ಬಂದು ಗಂಡನ ಭುಜದ ಮೇಲಿಂದ ಓದಿದಳು. ಹೊಗಳಿಕೆ, ಕೃತಜ್ಞತೆ, ವಿಷಾದ, ಎಲ್ಲ ಇತ್ತು. ಕೊನೆಯಲ್ಲಿ: 'ಈ ಪತ್ರಕ್ಕೆ ಉತ್ತರ ಬರೆಯುವ ಶ್ರಮ ತಮಗೆ ಬೇಡ.'

ಮೇಷ್ಟ್ರ ಬೆರಳು ಆ ಸಾಲಿನ ಮೇಲೆ ಬಹಳ ಹೊತ್ತು ಇತ್ತು.

"ಆ ಮ್ಯಾನೇಜರನಿಗೆ ನೆಟ್ಟಗೆ ರಜಾ ಚೀಟಿ ಬರೆಯೋಕ್ಕೂ ಬರಲ್ಲ. ಇದನ್ಯಾರು ಬರೆದುಕೊಟ್ಟಿದ್ದು?" ಎಂದಳು ಅವಳು.

"ಯಾರೋ. ಚೆನ್ನಾಗಿ ಬರೆದಿದ್ದಾರೆ."

"ಚೆನ್ನಾಗಿದೆಯಾ ಇದು? ಹೊಡೆದು, ಅಳಬೇಡಿ ಅಂದ ಹಾಗಿದೆ. ಒಂದು ಉತ್ತರ ಬರೀರಿ ನೀವು. ಇಪ್ಪತ್ತೇಳು ವರ್ಷ ಊರಿಗೆಲ್ಲ ಬರೆದಿದ್ದೀರಿ, ನಿಮಗೋಸ್ಕರ ಒಂದು ಬರೆಯೋಕ್ಕಾಗಲ್ವಾ?"

ಅವರು ಬರೆಯಲಿಲ್ಲ. ಅವಳು ಕಾಡಿದಳು, ಬೇಡಿದಳು, ಎರಡು ದಿನ ಮಾತು ಬಿಟ್ಟಳು. ಆ ಭಾನುವಾರ ಚುರುಕಿ ಮೊದಲ ಸಲ ಕಿತ್ತಳೆ ಹಿಡಿದು ಬಂದಳು. ಮನೆಯಲ್ಲಿ ಒಂದು ಲೋಟ ಎತ್ತಿಡದ ಮೇಷ್ಟ್ರು ತಾವೇ ಎದ್ದು ಬಾಗಿಲು ತೆಗೆದರು, ನಾನೇ ಟೀ ಮಾಡುತ್ತೇನೆ ಎಂದು ಚುರುಕಿಯನ್ನೂ ಅಡುಗೆಮನೆಗೆ ಕರೆದುಕೊಂಡು ಹೋದರು. ಹುಡುಗಿಯ ಕಣ್ಣು ಕೆಂಪಾಗಿತ್ತು. ಗುರುವಿಗಾಗಿ ಅತ್ತಿದ್ದಾಳೆ ಪಾಪ, ಎಂದುಕೊಂಡಳು ಹೆಂಡತಿ.

*

ಕಟ್ಟಕಡೆಯ ಪುಟದ ಆ ಸಾಲಿನ ಕೆಳಗೆ ಮೇಷ್ಟ್ರ ದುಂಡನೆಯ ಅಕ್ಷರದಲ್ಲಿ ಇನ್ನೂ ಇತ್ತು. 'ಇದನ್ನು ಯಾರಿಗೂ ಬರೆಯಬಾರದು. ಮರ್ಯಾದೆಯಿಂದ ಬಾಯಿ ಮುಚ್ಚಿಸುವ ಸಾಲು. ಚುರುಕಿ ಒಬ್ಬಳಿಗೇ ತೋರಿಸಿದ್ದೇನೆ, ಯಾಕೆ ಬರೆಯಬಾರದು ಎಂದು ಅವಳಿಗೆ ತಿಳಿದಿರಲಿ.' ತಾರೀಕು ಹತ್ತು ವರ್ಷ ಹಳೆಯದು.

ಅದರ ಕೆಳಗೆ ಬೇರೆ ಇಂಕಿನಲ್ಲಿ ಇನ್ನೊಂದು ತಾರೀಕು. ಆರು ವರ್ಷದ ಹಿಂದಿನ ಅದೇ ಶುಕ್ರವಾರ. ಪಕ್ಕದಲ್ಲಿ ಒಂದೇ ಪದ: 'ಬಂತು.'

ಅವಳು ಎರಡು ಸಲ ಓದಿದಳು. ಮೊದಲ ಸಲ ಚುರುಕಿಯ ಮೇಲೆ ಮೈಯೆಲ್ಲ ಉರಿಯಿತು. ಎರಡನೆಯ ಸಲ ಆ 'ಬಂತು' ಮಾತ್ರ ಕಾಣಿಸಿತು. ಅವರಿಗೆ ಗೊತ್ತಿತ್ತು, ಆವತ್ತೇ ಗೊತ್ತಿತ್ತು. ಆಮೇಲೆ ಎಷ್ಟು ಭಾನುವಾರ ಅವಳು ಚುರುಕಿಗೆ ಬಡಿಸಿದ್ದಳು! ಹಣ್ಣು ಸುಲಿಯುತ್ತ ಸುಲಿಯುತ್ತ ಶಾಪ ಹಾಕಿದ್ದಳು: ಆ ಸಾಲು ಬರೆದ ಕೈ ಸೇದಿಹೋಗಲಿ ಎಂದು. ಆಗೆಲ್ಲ ಚುರುಕಿ ತಟ್ಟೆ ನೋಡುತ್ತಿದ್ದಳು. ಮೇಷ್ಟ್ರು, "ಬಿಡೇ, ಹಳೇ ಕತೆ," ಎನ್ನುತ್ತಿದ್ದರು.

"ಅತ್ತಿಗೆ," ಮೈದುನ ಮತ್ತೆ ಬಂದ. "ಸಿಕ್ತಾ?"

"ಸಿಕ್ತು. ಬರ್ಕೊಳ್ಳೋಕೆ ಹೇಳು."

ಅವಳು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಮೈದುನ ಅದನ್ನೇ ಫೋನಿಗೆ ಒಪ್ಪಿಸಿದ. ಆಚೆಯವನು ಏನೋ ಅಂದ.

"ಒಳ್ಳೇ ಸಾಲು ಅಂತೆ ಅತ್ತಿಗೆ. ಬೇರೆಯವರ ಕಾರ್ಡಿಗೂ ಹಾಕ್ಲಾ ಅಂತ ಕೇಳ್ತಾನೆ."

"ಹಾಕ್ಕೊಳ್ಳಲಿ. ಬರೋಕ್ಕಾಗದವರಿಗೆ ಇಮೇಲ್ ಕಳಿಸ್ತೀಯಲ್ಲ, ಅದರಲ್ಲೂ ಇದೇ ಇರಲಿ."

*

ಹಾಲ್‌ನಲ್ಲಿ ಅರವತ್ತು ಕುರ್ಚಿ ಹಾಕಿದ್ದರು, ಬಂದವರು ನೂರಕ್ಕೆ ಕಡಿಮೆ ಇರಲಿಲ್ಲ. ಮೇಷ್ಟ್ರು ಮುಂದೆ, ಎತ್ತರದ ಮೇಜಿನ ಮೇಲೆ, ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಮಲಗಿದ್ದರು. ಜೇಬಿನಲ್ಲಿ ಪೆನ್ನು. ಅದನ್ನು ಬೆಳಿಗ್ಗೆ ಸಿಕ್ಕಿಸಿದವಳು ಅವಳೇ, ನೋಟ್‌ಬುಕ್ ಸಿಗುವುದಕ್ಕೆ ಮೊದಲು.

ಮೈದುನ ಕಾರ್ಡು ಹಂಚುತ್ತ ಬಂದ. ಕಂಪನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದ ಮುದುಕರು ಕಣ್ಣು ಕಿರಿದು ಮಾಡಿ ಓದಿ, ಪಕ್ಕದ ಮೆಕ್ಯಾನಿಕ್ಕನಿಗೆ ತೋರಿಸಿದರು.

"ನೋಡಯ್ಯಾ, ಉತ್ತರ ಬರೆಯೋ ಶ್ರಮ ಬೇಡ ಅಂತೆ. ಸತ್ತ ಮೇಲೂ ಯಾರಿಗೂ ತೊಂದ್ರೆ ಆಗ್ಬಾರ್ದು ಅಂತ. ಮೇಷ್ಟ್ರು ಅಂದ್ರೆ ಮೇಷ್ಟ್ರು."

"ನಾನೊಂದು ಸಲ 'ನಿಮ್ಮ ಸಹಕಾರ ಕೋರಿ' ಅಂತ ಬರೆದಿದ್ದೆ," ಎಂದ ಮೆಕ್ಯಾನಿಕ್. "ಕರೆದು ಕೇಳಿದ್ರು, 'ಲಿಫ್ಟಲ್ಲಿ ಒಂದು ಗಂಟೆ ಸಿಕ್ಕೊಂಡಿದ್ದವನು ಇನ್ನೇನಪ್ಪ ಸಹಕಾರ ಕೊಡ್ಬೇಕು ನಿಂಗೆ?' ಅಂತ."

ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಚುರುಕಿ ಮೂರನೆಯ ಸಾಲಿನಲ್ಲಿದ್ದಳು. ತೊಡೆಯ ಮೇಲೆ ತಾನು ಬರೆದ ಹಾಳೆ, ಅದರ ಮೇಲೆ ಕಾರ್ಡು. ಅವಳು ಕಾರ್ಡನ್ನು ಎಷ್ಟು ಹೊತ್ತು ನೋಡಿದಳೆಂದರೆ, ಪಕ್ಕದವರು ನೀರು ಬೇಕಾ ಎಂದು ಕೇಳಿದರು. ಆಮೇಲೆ ಎದ್ದು ಗೋಡೆಯ ಬದಿಯಿಂದ ಮುಂದೆ ಬಂದು ಅಕ್ಕನ ಪಕ್ಕ ಕೂತಳು.

"ಅಕ್ಕಾ, ಈ ಸಾಲು... ನಿಮಗೆಲ್ಲಿ ಸಿಕ್ತು?"

"ಅವರ ಪುಸ್ತಕದಲ್ಲಿ. ನಿಂಗೆಲ್ಲಿ ಸಿಕ್ಕಿತ್ತು?"

ಚುರುಕಿ ಸುಳ್ಳು ಹೇಳಲಿಲ್ಲ, ಅಷ್ಟರ ಮಟ್ಟಿಗೆ ಮೇಷ್ಟ್ರ ಶಿಷ್ಯೆಯೇ.

"ಒಂದು ಗಂಟೆ ಟೈಮ್ ಕೊಟ್ಟಿದ್ರು ಅಕ್ಕ. ಅವರು ತಿರುಗಿ ಬರೀಬಾರದು, ಹಾಗಿರ್ಬೇಕು ಮೇಲ್ ಅಂದ್ರು. ನಾನು ಬರೀದಿದ್ರೆ ನನ್ನ ಕೆಲಸಾನೂ ಹೋಗ್ತಿತ್ತು. ಎಷ್ಟು ಯೋಚಿಸಿದ್ರೂ ಅದೊಂದೇ ಸಾಲು ನೆನಪಿಗೆ ಬಂತು."

"ಆ ದೊಡ್ಡ ಕುರ್ಚಿ ಆಮೇಲೆ ಬಂತಾ?"

ಚುರುಕಿ ಕಾರ್ಡನ್ನು ತನ್ನ ಹಾಳೆಯ ಕೆಳಗೆ ಸರಿಸಿದಳು.

"ಅವರ ಕಾಲು ಹಿಡ್ಕೊಳ್ಳೋಣ ಅಂತಾನೇ ಆ ಭಾನುವಾರ ಬಂದಿದ್ದು. ಅಡುಗೆಮನೇಲಿ ಎಲ್ಲ ಹೇಳಿದೆ. ಗೊತ್ತು ಅಂದ್ರು. 'ಅಕ್ಕನಿಗೆ ಮಾತ್ರ ಹೇಳ್ಬೇಡ, ಅವಳಿಗೆ ನೀನಂದ್ರೆ ಪ್ರಾಣ,' ಅಂದ್ರು. ಆಮೇಲೆ ಒಂದೇ ಒಂದು ದಿನ ಆ ಮಾತೆತ್ತಲಿಲ್ಲ."

ಅಕ್ಕ ಇಷ್ಟು ಹೊತ್ತು ಒಂದು ಸಣ್ಣ ಆಸೆ ಇಟ್ಟುಕೊಂಡಿದ್ದಳು. ಗಂಡ ಈ ಸಂಕಟವನ್ನು ಒಬ್ಬರೇ ನುಂಗಿಕೊಂಡಿರಬೇಕು, ಚುರುಕಿಗೂ ಹೇಳಿರಲಾರರು, ಎಂದು. ಆ ಆಸೆಯೂ ಹೋಯಿತು.

"ಅಂದ್ರೆ ನೀವಿಬ್ಬರೂ ಮಾತಾಡ್ಕೊಂಡಿದ್ರಿ," ಎಂದಳು. ದನಿ ಏರಲಿಲ್ಲ. "ಆರು ವರ್ಷ, ನಾನೊಬ್ಬಳೇ ಏನೂ ಗೊತ್ತಿಲ್ದೆ ನಿಮ್ಮಿಬ್ಬರ ಮಧ್ಯೆ ತಟ್ಟೆ ಹಿಡ್ಕೊಂಡು ಓಡಾಡಿದೆ. ನಿನ್ನೆದುರಿಗೇ ನಿನಗೆ ಶಾಪ ಹಾಕಿಸಿದ್ರು ನನ್ನ ಕೈಲಿ."

"ಅಕ್ಕ, ಅವರು ಕ್ಷಮಿಸಿದ್ರು—"

"ಅದು ಅವರ ಲೆಕ್ಕ. ನನ್ನನ್ಯಾರು ಕೇಳಿದ್ರು?"

ಮೈದುನ ಮೈಕಿನ ಹತ್ತಿರ ಹೋಗಿ ಗಂಟಲು ಸರಿಮಾಡಿಕೊಂಡ. ಸ್ಟೋರಿನ ಮುದುಕರು ಮಾತಾಡಿದರು. ಒಬ್ಬ ಗ್ರಾಹಕರು, ಹತ್ತೂಕಾಲಿಗೆ ಫೋನ್ ಮಾಡಿ ನಿಜವಾಗಿಯೂ ಬೈದವರು, ಅದನ್ನೇ ಹೇಳಿ ಅತ್ತರು. ಹಾಲೆಲ್ಲ ಕಣ್ಣೊರೆಸಿಕೊಂಡಿತು.

"ಕೊನೆಯದಾಗಿ ಅಣ್ಣನ ಶಿಷ್ಯೆ ಎರಡು ಮಾತು ಹೇಳ್ತಾರೆ," ಎಂದ ಮೈದುನ.

ಚುರುಕಿ ಅಕ್ಕನ ಮುಖ ನೋಡಿದಳು. ಅಕ್ಕ ಬೇಡ ಎನ್ನಲಿಲ್ಲ. ತನ್ನ ಕೈಯಲ್ಲಿದ್ದ ಕಾರ್ಡನ್ನು ನೇರ ಮಾಡಿಕೊಂಡಳು, ಅಷ್ಟೇ. ಚುರುಕಿ ತನ್ನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು. ಕುರ್ಚಿಯಿಂದ ಏಳಲಿಲ್ಲ. ಜನ ಅದನ್ನು ದುಃಖವೆಂದುಕೊಂಡು ಸುಮ್ಮನಾದರು.

ಆಗ ಅವಳು ಎದ್ದು ಗಂಡನ ಹತ್ತಿರ ಹೋದಳು. ಇಪ್ಪತ್ತೇಳು ವರ್ಷ ಬೇರೆಯವರ ಪತ್ರ ಮುಗಿಸಿಕೊಟ್ಟ ಮುಖ, ಏನೋ ಒಂದು ಮಾತು ಇನ್ನೂ ಬಾಕಿ ಇದೆ ಎನ್ನುವಂತೆ ತುಟಿ ಸ್ವಲ್ಪ ತೆರೆದಿತ್ತು. ಅವಳು ಜೇಬಿನ ಪೆನ್ನನ್ನು ತೆಗೆದು ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಳು. ಆ ಜಾಗದಲ್ಲಿ ಕಾರ್ಡನ್ನು, ಅಕ್ಷರ ಅವರ ಎದೆಯ ಕಡೆಗೆ ಬರುವಂತೆ ಇಳಿಸಿ, ಜೇಬಿನ ಗುಂಡಿ ಹಾಕಿದಳು.